‘ಸ್ವಲ್ಪ ಕಾಯಿರಿ’ ಎನ್ನುವ ಮೊದಲು

ತುರ್ತು ಚಿಕಿತ್ಸಾ ವಿಭಾಗದ ದಾದಿಯರಿಗೆ ಸಂವಹನ ತರಬೇತಿ ಎಂದರೆ ನಮ್ಮಲ್ಲಿ ಹೆಚ್ಚಾಗಿ ಸಭಾಂಗಣದ ಒಂದು ಉಪನ್ಯಾಸ: ನಗುಮುಖದಿಂದ ಮಾತನಾಡಿಸಿ, ತಾಳ್ಮೆಗೆಡಬೇಡಿ. ಹದಿನಾಲ್ಕು ವರ್ಷಗಳಿಂದ ಕ್ಯಾಶುಯಾಲ್ಟಿಯಲ್ಲಿರುವ ನಾನು ಇಂತಹ ನಾಲ್ಕೈದು ಉಪನ್ಯಾಸಗಳಿಗೆ ಹಾಜರಿ ಹಾಕಿದ್ದೇನೆ. ರಾತ್ರಿ ಪಾಳಿಯಲ್ಲಿ ಕೈಹಿಡಿಯುವ ಒಂದು ವಾಕ್ಯವೂ ಅಲ್ಲಿ ಸಿಕ್ಕಲಿಲ್ಲ.

ಒಂದು ರಾತ್ರಿ, ಬೈಕಿನಿಂದ ಬಿದ್ದು ಮುಂಗೈ ಊದಿಸಿಕೊಂಡಿದ್ದ ಹುಡುಗನನ್ನು ಅವನ ತಂದೆ ಕರೆತಂದರು. ಅವರು ಕಾಯುತ್ತಿದ್ದಾಗಲೇ, ಎದೆನೋವೆಂದು ನಡೆದುಕೊಂಡೇ ಬಂದ ಹಿರಿಯರೊಬ್ಬರನ್ನು ನೇರವಾಗಿ ಒಳಗೆ ಮಲಗಿಸಿ ಇಸಿಜಿ ತೆಗೆದೆವು. ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ನಮಗೆ ಗೊತ್ತು. ಆ ತಂದೆಗೆ ಕಂಡದ್ದು, ಅಳುತ್ತಿರುವ ಮಗನನ್ನು ಬಿಟ್ಟು ಚೆನ್ನಾಗಿ ಓಡಾಡುವ ಮನುಷ್ಯನಿಗೆ ಮಣೆ ಹಾಕಿದ್ದು ಮಾತ್ರ. “ಅವರೇನು ನಿಮ್ಮ ಪೈಕಿಯವರೇನ್ರಿ ಸಿಸ್ಟರ್?” ಎಂದು ಕೂಗಿದರು. ನಾನು ಮೂರು ಸಲ “ಸ್ವಲ್ಪ ಕಾಯಿರಿ” ಎಂದೆ. ಮೂರನೆಯ ಸಲಕ್ಕೆ ಮೇಜಿನ ಮೇಲಿದ್ದ ಡ್ರೆಸ್ಸಿಂಗ್ ಟ್ರೇ ನೆಲ ಸೇರಿತು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ, ಅದರ ಫಲಕ ನಮ್ಮ ಗೋಡೆಯ ಮೇಲೂ ಇದೆ. ಅಂತಹ ಹೊತ್ತಿನಲ್ಲಿ ಅದನ್ನು ಯಾರೂ ಓದುವುದಿಲ್ಲ.

ಇಂದು ನಾನು ಹೇಳುವುದೇ ಬೇರೆ: “ಯಜಮಾನರೇ, ಮಗನ ಬೆರಳು ನೋಡಿದ್ದೇನೆ, ಬೆಚ್ಚಗಿವೆ, ಬಣ್ಣವೂ ಸರಿಯಿದೆ. ಒಳಗಿರುವವರಿಗೆ ಹೃದಯದ ತೊಂದರೆ ಇರಬಹುದು, ಅವರನ್ನು ಮೊದಲು ನೋಡಲೇಬೇಕು. ಅರ್ಧ ಗಂಟೆಯೊಳಗೆ ನಾನೇ ಬಂದು ಮತ್ತೆ ನೋಡುತ್ತೇನೆ. ಅಷ್ಟರಲ್ಲಿ ಬೆರಳು ಜೋಮು ಹಿಡಿದರೆ, ತಣ್ಣಗಾದರೆ ತಕ್ಷಣ ಕರೆಯಿರಿ.” ಇದಕ್ಕೆ ಅರ್ಧ ನಿಮಿಷವೂ ಬೇಡ. ಆದರೆ ಮೂರು ಆಂಬ್ಯುಲೆನ್ಸ್ ಒಟ್ಟಿಗೆ ಬಂದಾಗ ಇದು ತಾನಾಗಿ ನಾಲಿಗೆಗೆ ಬರುವುದಿಲ್ಲ. ಸಿಪಿಆರ್ ಅನ್ನು ಬೊಂಬೆಯ ಎದೆ ಒತ್ತಿ ಕಲಿತಂತೆ ಇದನ್ನೂ ಬಾಯಿಬಿಟ್ಟು ಹೇಳಿ ರೂಢಿಸಿಕೊಳ್ಳಬೇಕು.

ಇನ್ನು ಭಾಷೆ. ನಾನು ಮಂಡ್ಯದ ಕಡೆಯವಳು, ಮೊದಲ ನೇಮಕ ಉತ್ತರ ಕರ್ನಾಟಕದಲ್ಲಿ. “ಹೊಟ್ಟಿ ಕಡಿಯಾಕ ಹತ್ತೈತ್ರಿ” ಎಂದು ಅಜ್ಜಿಯೊಬ್ಬರು ನರಳಿದಾಗ ನಾನು ಹೊಟ್ಟೆಯ ಚರ್ಮದ ಮೇಲೆ ತುರಿಕೆಯ ಗುರುತು ಹುಡುಕುತ್ತಿದ್ದೆ! ಅವರು ಹೇಳುತ್ತಿದ್ದುದು ಹೊಟ್ಟೆ ಹಿಂಡುವ ನೋವನ್ನು. ಕನ್ನಡದವಳಾದ ನನ್ನ ಪಾಡೇ ಹೀಗಾದರೆ, ಕೇರಳದಿಂದ ಬಂದು ಕೆಲಸಕ್ಕೆ ಸೇರುವ ಹುಡುಗಿಯರ ಕಷ್ಟ ಊಹಿಸಿಕೊಳ್ಳಿ. ಆಯಾ ಜಿಲ್ಲೆಯ ಜನ ನೋವಿಗೆ, ಸುಸ್ತಿಗೆ, ಉಸಿರಾಟದ ತೊಂದರೆಗೆ ಬಳಸುವ ಮಾತುಗಳ ಒಂದು ಹಾಳೆ ನರ್ಸಿಂಗ್ ಸ್ಟೇಷನ್ನಿನಲ್ಲಿದ್ದರೆ ಅದೇ ಅರ್ಧ ತರಬೇತಿ.

ವೈದ್ಯರೊಡನೆ ಮಾತನಾಡುವುದಕ್ಕೆ ಈಗಾಗಲೇ ಒಂದು ಕ್ರಮವಿದೆ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಪದ್ಧತಿಯಲ್ಲಿ ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಆಗಬೇಕಾದ್ದು ಎಂಬ ನಾಲ್ಕನ್ನು ಇದೇ ಸಾಲಿನಲ್ಲಿ ಹೇಳಬೇಕು. ರಾತ್ರಿ ಎರಡಕ್ಕೆ “ಸರ್, ನಾಲ್ಕನೇ ಬೆಡ್ ಯಾಕೋ ಸರಿಯಿಲ್ಲ” ಎಂದರೆ “ನೋಡ್ತಿರಿ” ಎಂಬ ಉತ್ತರ ಬರುತ್ತದೆ. “ಬಿಪಿ 80ಕ್ಕೆ ಇಳಿದಿದೆ, ಸಂಜೆ ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟಾಗಿದೆ, ಒಳಗೆ ರಕ್ತಸ್ರಾವವಿರಬಹುದು, ನೀವು ಈಗಲೇ ಬರಬೇಕು” ಎಂದರೆ ವೈದ್ಯರು ಎದ್ದು ಬರುತ್ತಾರೆ. ನಾಲ್ಕನೆಯದೇ ನಮಗೆ ಕಷ್ಟ. ದೊಡ್ಡವರಿಗೆ ಹೀಗೆ ಮಾಡಿ ಎನ್ನಬಾರದೆಂಬ ಸಂಕೋಚ ನರ್ಸಿಂಗ್ ಕಾಲೇಜಿನಲ್ಲೇ ಮೈಗಂಟಿರುತ್ತದೆ. ಆದ್ದರಿಂದ ಕಿರಿಯ ವೈದ್ಯರೂ ಇದೇ ತರಬೇತಿಯಲ್ಲಿ ನಮ್ಮ ಪಕ್ಕದಲ್ಲೇ ಕುಳಿತಿರಬೇಕೆಂಬುದು ನನ್ನ ಹಟ.

ಒಬ್ಬಳೇ ಹನ್ನೆರಡು ರೋಗಿಗಳನ್ನು ನೋಡಿಕೊಳ್ಳುವ ರಾತ್ರಿ ಯಾವ ತರಬೇತಿಯೂ ಸಾಲದು ಎಂಬುದನ್ನೂ ಬಲ್ಲೆ; ಸಿಬ್ಬಂದಿಯ ಕೊರತೆಯನ್ನು ದಾದಿಯರ ನಡತೆಯ ದೋಷವೆಂದು ತೋರಿಸಲು ಇದು ನೆಪವಾಗಕೂಡದು.

ಮುಂದಿನ ತಿಂಗಳು ಮತ್ತೊಂದು ತರಬೇತಿಯ ಸುತ್ತೋಲೆ ಬಂದಿದೆ: ಬೆಳಿಗ್ಗೆ ಹತ್ತರಿಂದ ಒಂದು, ಸಭಾಂಗಣದಲ್ಲಿ. ಆ ಹೊತ್ತಿಗೆ ಕ್ಯಾಶುಯಾಲ್ಟಿಯಲ್ಲಿ ಪಾಳಿಯಲ್ಲಿರುವ ನಾಲ್ವರೂ ಹೋಗುವಂತಿಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ, ಬೆಡ್ಡಿನ ಪಕ್ಕದಲ್ಲೇ ದಿನಕ್ಕೆ 15 ನಿಮಿಷ ಕೊಡಿ ಎಂದು ಬರೆದು ಕೊಟ್ಟಿದ್ದೇನೆ.