ಸತ್ಯಾಂಶ: ತೋಟದ ಕೋವಿಯ ಲೈಸೆನ್ಸೂ ಸೊಂಟದ ಪಿಸ್ತೂಲೂ

‘ಕೋವಿ ಲೈಸೆನ್ಸ್ ಇದ್ದವರು ಪಿಸ್ತೂಲನ್ನೂ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು. ಯಾರಾದರೂ ಮೈಮೇಲೆ ಬಂದರೆ ಗುಂಡು ಹಾರಿಸಿ, ಕೇಸ್ ಆಗಲ್ಲ.’ ಶಿರಸಿ ಕಡೆಯ ಗ್ರೂಪೊಂದರಲ್ಲಿ ನನಗೆ ಬಂದ ಮೆಸೇಜು ಇದು. ಎರಡೂ ಮಾತು ತಪ್ಪು.

ಅಡಿಕೆ ತೋಟಕ್ಕೆ ನುಗ್ಗುವ ಮಂಗ, ಹಂದಿ ಓಡಿಸಲು ಕೊಟ್ಟ ಲೈಸೆನ್ಸು ಅದರಲ್ಲಿ ಬರೆದ ಕೋವಿಗೆ ಮಾತ್ರ. ಪಿಸ್ತೂಲು ಬೇಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅದಕ್ಕೂ ಅನುಮತಿ ಪಡೆಯಬೇಕು. ಸುಮ್ನೆ ಕೇಳಿದ ತಕ್ಷಣ ಸಿಗುವುದೂ ಇಲ್ಲ.

ಇನ್ನು ಆತ್ಮರಕ್ಷಣೆ. ಆ ಹಕ್ಕು ಖಂಡಿತ ಇದೆ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 37ನೇ ಸೆಕ್ಷನ್. ಜೀವಭಯ ಇತ್ತು ಅಂತ ನೀವು ಹೇಳಿದರೂ ತನಿಖೆ ತಪ್ಪುವುದಿಲ್ಲ.

ಮೆಸೇಜು ಮರೆತಿರುವುದು ಸಮಯವನ್ನು. ಅಮೆರಿಕದ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ 1983ರಲ್ಲೇ ಬರೆದಿದ್ದರು: ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಕುತೂಹಲಕ್ಕೆ ಟೇಪು ಹಿಡಿದು ಅಳೆದೆ. ನಮ್ಮ ಮನೆಯ ತುಳಸಿಕಟ್ಟೆಯಿಂದ ಜಗಲಿ ಮೆಟ್ಟಿಲಿಗೆ ಹತ್ತಿರಹತ್ತಿರ ಅಷ್ಟೇ! ಅಷ್ಟರಲ್ಲಿ ಅಪಾಯ ಗೊತ್ತಾಗಬೇಕು, ಅಂಗಿ ಎತ್ತಬೇಕು, ಪಿಸ್ತೂಲು ಎಳೆಯಬೇಕು, ಗುರಿ ಹಿಡಿಯಬೇಕು. ಹೆದರಿದಾಗ ಬೆರಳು ಮರಗಟ್ಟುತ್ತದೆ, ಕಣ್ಣಿಗೆ ಎದುರಿನದ್ದಷ್ಟೇ ಕಾಣುತ್ತದೆ. ಮೈಮೇಲೆ ಬರುವವನ ಹಿಂದೆ ಅಂಗಳದಲ್ಲಿ ಮಗು ನಿಂತಿದ್ದರೆ? ತರಬೇತಿ ಪಡೆದ ಪೊಲೀಸರೇ ಇಲ್ಲಿ ತಡವರಿಸುತ್ತಾರೆ, ವರ್ಷಕ್ಕೊಮ್ಮೆ ಮಂಗನ ಮೇಲೆ ಗುಂಡು ಹಾರಿಸುವ ನಮ್ಮ ಪಾಡೇನು, ಅಲ್ವಾ? ಆ ಒಂದೂವರೆ ಸೆಕೆಂಡಿನಲ್ಲಿ ಪಕ್ಕಕ್ಕೆ ಹಾರುವುದು, ಬಾಗಿಲು ಹಾಕಿಕೊಳ್ಳುವುದು, ಕೂಗುವುದೇ ಸುಲಭ. ಆಮೇಲೆ 112ಕ್ಕೆ ಫೋನ್.