ವೆಂಕೋಬ ರಾವ್ ಸರಿ, ಲಂಬೋದರ ಎಲ್ಲಿ?

ಅನಂತ್ ನಾಗ್ ಅವರ ಒಳ್ಳೆಯ ಸಿನಿಮಾಗಳ ನಿಮ್ಮ ಪಟ್ಟಿ ಓದಿದೆ. ಒಂದೇ ಸಿನಿಮಾ ಆರಿಸಬೇಕೆಂದರೆ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಅಂತೀರಿ. ಅದರಲ್ಲಿ ಅವರು ಮಾಡಿದ ಅಪ್ಪನ ಪಾತ್ರ ವೆಂಕೋಬ ರಾವ್ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಾಸ್ಯ ಪಾತ್ರಗಳೆಲ್ಲ ಅವರಿಗೆ ಸಲೀಸು ಅಂತ ಒಂದೇ ಸಾಲಲ್ಲಿ ಮುಗಿಸಿದ್ದು ಮಾತ್ರ ಒಪ್ಪಲಾಗದು.

1991ರ 'ಗೌರಿ ಗಣೇಶ' ಇನ್ನೊಮ್ಮೆ ನೋಡಿ. ಅದರಲ್ಲಿ ಅವರ ಪಾತ್ರ ಲಂಬೋದರ ಪಕ್ಕಾ ಮೋಸಗಾರ. ತೀರಿಕೊಂಡ ಹೆಂಗಸಿನ ಡೈರಿ ಇಟ್ಟುಕೊಂಡು ಮೂವರು ದುಡ್ಡಿದ್ದವರ ಹತ್ತಿರ ಹಣ ಕೀಳುತ್ತಾನೆ. ಬೇರೆಯವರು ಮಾಡಿದ್ದರೆ ಅಸಹ್ಯ ಆಗುತ್ತಿತ್ತೇನೋ. ಇವರು ದನಿ ಏರಿಸುವುದಿಲ್ಲ, ಮುಖ ಕಿವುಚುವುದಿಲ್ಲ. ಹಸಿ ಸುಳ್ಳನ್ನೂ ಎಷ್ಟು ಮರುಕದಿಂದ ಹೇಳುತ್ತಾರೆಂದರೆ, ಸುಳ್ಳು ಅಂತ ಗೊತ್ತಿರುವ ನಮಗೂ ಒಂದು ಕ್ಷಣ ಅನುಮಾನ ಬರುತ್ತದೆ. 'ಬರ' ಸಿನಿಮಾದ ಜಿಲ್ಲಾಧಿಕಾರಿಯೂ ಇದೇ ಮನುಷ್ಯ ಅಂದರೆ ನಂಬೋದು ಕಷ್ಟ. (ಅದೂ ನಿಮ್ಮ ಪಟ್ಟಿಯಲ್ಲಿಲ್ಲ, ಇರಲಿ ಬಿಡಿ.)

ವೆಂಕೋಬ ರಾವ್ ಥರ ಮರೆವಿನ ಕಾಯಿಲೆಯ ವಯಸ್ಸಾದ ಅಪ್ಪ ಕಾಣೆಯಾದರೆ ಯಾರ ಕಣ್ಣಾದರೂ ಒದ್ದೆಯಾಗುತ್ತದೆ, ಅರ್ಧ ಕೆಲಸ ಕಥೆಯೇ ಮಾಡಿರುತ್ತದೆ. ಕಳ್ಳನ ಮೇಲೆ ಪ್ರೀತಿ ಹುಟ್ಟಿಸೋದು ಅದಕ್ಕಿಂತ ಜಾಸ್ತಿ ಕಷ್ಟ, ಅಲ್ವಾ? ಪಟ್ಟಿ ತಿದ್ದುವುದಾದರೆ ಅವರ 'ಉದ್ಭವ' ಸಿನಿಮಾವನ್ನೂ ಸೇರಿಸಿ, ಅಲ್ಲೂ ಇಂಥದ್ದೇ ಒಬ್ಬ ಚಾಲಾಕಿ ಇದ್ದಾನೆ.