ಒತ್ತಿದರೂ ಬಾರದ ಒತ್ತು

ನವೆಂಬರ್ 1ರ ರಾಜ್ಯೋತ್ಸವಕ್ಕೆ ನಮ್ಮ ಬೀದಿಯ ಕರೆಯೋಲೆ ಟೈಪ್ ಮಾಡುವ ಕೆಲಸ ಪ್ರತಿ ವರ್ಷ ನನಗೇ ಬೀಳುತ್ತದೆ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯಲ್ಲಿ ಟೈಪ್ ಮಾಡಲು ಬರುವವನು ನಾನೊಬ್ಬನೇ ಅಂತೆ. ಆಗಲ್ಲ ಅನ್ನಲು ಬಾರದವನೂ ನಾನೊಬ್ಬನೇ ಇರಬೇಕು.

ಈ ಸಲ ಕೂತ ಐದೇ ನಿಮಿಷಕ್ಕೆ ಮೊಣಕೈ ತಗುಲಿ ಅರ್ಧ ಲೋಟ ಕಾಫಿ ಕೀಬೋರ್ಡ್ ಮೇಲೆ. ಒರೆಸಿದೆ, ಬೋರಲು ಹಾಕಿ ತಟ್ಟಿದೆ, ಫ್ಯಾನ್ ಕೆಳಗಿಟ್ಟೆ. ಎಲ್ಲ ಕೀಲಿಗಳೂ ಬದುಕಿಕೊಂಡವು, ಎಫ್ ಒಂದು ಬಿಟ್ಟು. ಬೆರಳಿಗೆ ಗುರುತು ಸಿಗಲಿ ಅಂತ ಪುಟ್ಟ ಗೆರೆ ಉಬ್ಬಿಸಿರುತ್ತಾರಲ್ಲ, ಅದೇ ಕೀಲಿ. ಒತ್ತಿದರೆ ಪಾಕಕ್ಕೆ ಬಿದ್ದ ಜಾಮೂನಿನ ಹಾಗೆ ಮೆಲ್ಲಗೆ ಇಳಿದು, ಮೇಲೇಳುವ ಮನಸ್ಸಿಲ್ಲದೆ ಅಲ್ಲೇ ಕೂರುತ್ತಿತ್ತು. ಪರದೆಯ ಮೇಲೆ ಮಾತ್ರ ಏನೂ ಇಲ್ಲ. ರಾತ್ರಿ ಹತ್ತು ಗಂಟೆ. ಹೊಸದು ತರೋಣ ಅಂದರೆ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿನಲ್ಲಿ ಆ ಹೊತ್ತಿಗೆ ಯಾರು ಅಂಗಡಿ ತೆಗೆದಿರುತ್ತಾರೆ?

ಇಂಗ್ಲಿಷಿನಲ್ಲಿ ಎಫ್ ಹೋದರೆ ಒಂದು ಅಕ್ಷರ ಹೋಯಿತು, ಅಷ್ಟೆ. ಆದರೆ ನುಡಿಯಲ್ಲಿ ಬಳಸುವ, ಕೆ.ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸುವುದೇ ಎಫ್. ನ, ಎಫ್, ನ ಒತ್ತಿದರೆ 'ನ್ನ'. ಹೀಗಾಗಿ ನನ್ನ ನೋಟ್‌ಪ್ಯಾಡಿನಲ್ಲಿ ಬಂದದ್ದು 'ಕನನಡ ರಾಜಯೋತಸವ'. ಅಧ್ಯಕ್ಷರು 'ಅಧಯಕಷರು' ಆದರು. ಹುದ್ದೆಯೋ ಕೆಮ್ಮೋ ಗೊತ್ತಾಗಲಿಲ್ಲ. ಅದನ್ನೂ ಸಹಿಸಬಹುದಿತ್ತು. ತಾಯಿ ಭುವನೇಶ್ವರಿ ಪೂಜೆ ಅಂತ ಹೊಡೆದರೆ 'ಭುವನೇಶವರಿ'! ಹಬ್ಬದ ಕರೆಯೋಲೆಯ ನಟ್ಟನಡುವೆ ಶವ.

ಸರಿ, ಒತ್ತಿಲ್ಲದ ಪದಗಳಲ್ಲೇ ಬರೆಯೋಣ ಅಂತ ಹೊರಟೆ. ಬೆಂಗಳೂರು ಸಲೀಸು. ಧ್ವಜಾರೋಹಣ 'ಬಾವುಟ ಹಾರಿಸುವುದು' ಆಯಿತು. ನಿಜ ಹೇಳಬೇಕಂದರೆ ಮೊದಲಿಗಿಂತ ಚೆನ್ನಾಗಿತ್ತು. ಸಿಕ್ಕಿಬಿದ್ದದ್ದು ತಿಂಡಿಯಲ್ಲಿ. 'ಉಪಪಿಟಟು' ಯಾರು ತಿನ್ನುತ್ತಾರೆ? ದೋಸೆ ಅಂತ ಹಾಕಿದೆ. ಹಿಂದಿನಿಂದ ಇಣುಕಿದ ನನ್ನವಳು, "ರೀ, 150 ಜನಕ್ಕೆ ದೋಸೆ ಹುಯ್ಯೋರು ಯಾರು? ನಿಮ್ಮ ಎಫ್ಫಾ?" ಅಂದಳು.

ಹಳೆಯ ಫೈಲಿನಿಂದ ಎಫ್ ಮೂಡಿಸುವ ಒತ್ತಿನ ಗುರುತನ್ನು ಕಾಪಿ ಮಾಡಿ ಒಂದೊಂದೇ ಕಡೆ ಪೇಸ್ಟ್ ಮಾಡಿದೆ. ಎರಡು ಸಾಲಿಗೇ ಸಾಕಾಯಿತು. ಬಿಟ್ಟುಹೋದದ್ದನ್ನು ಹುಡುಕಲು ಕಂಟ್ರೋಲ್ ಎಫ್ ಒತ್ತೋಣ ಅಂದರೆ, ಅದೂ ಎಫ್ಫೇ! ಕಡೆಗೆ ತಲೆ ಓಡಿತು. ಎಫ್ ಬದಲು ಎಲ್ಲ ಕಡೆ # ಹೊಡೆದುಬಿಡೋದು, ಕೊನೆಗೆ ರಿಪ್ಲೇಸ್ ಆಲ್. 'ಕನ#ನಡ', 'ಉಪ#ಪಿಟ#ಟು' ಅಂತ ಸರಸರ ಹೊಡೆದು ಮುಗಿಸಿದೆ. ಒಂದೇ ಕ್ಲಿಕ್ಕಿಗೆ ಒತ್ತುಗಳೆಲ್ಲ ಇಳಿದು ತಮ್ಮ ತಮ್ಮ ಜಾಗದಲ್ಲಿ ಕೂತವು. ಉಪ್ಪಿಟ್ಟು ವಾಪಸ್ ಬಂತು. ಶವ ಎದ್ದು ಹೋಯಿತು. ಆ ಖುಷಿಯಲ್ಲಿ ಇನ್ನೊಮ್ಮೆ ಓದದೆ ಬೀದಿಯ ವಾಟ್ಸಾಪ್ ಗ್ರೂಪಿಗೆ ಕಳಿಸಿ ಮಲಗಿದೆ.

ಬೆಂಗಳೂರಿನಲ್ಲಿ ಮನೆ ನಂಬರು ಹೇಗೆ ಬರೆಯುತ್ತೇವೆ ಹೇಳಿ? #24, 3ನೇ ಕ್ರಾಸ್, ಅಲ್ವಾ? ಪೂಜೆ ನಮ್ಮ ಮನೆ ಮುಂದೆಯೇ ಇತ್ತು. ವಿಳಾಸದ ಆ # ಕೂಡ ಒತ್ತಾಗಲು ಹೋಗಿತ್ತು. ಅಂಟಿಕೊಳ್ಳಲು ಅಕ್ಷರ ಸಿಗದೆ, ಚುಕ್ಕಿಗಳ ಒಂದು ಗುಂಡು ಆಕಾರವಾಗಿ, ಮೇಲೊಂದು ಕೊಂಬು ಇಟ್ಟುಕೊಂಡು 24ರ ಮುಂದೆ ನಿಂತಿತ್ತು.

ಇದು ನನ್ನ ಕಣ್ಣಿಗೆ ಬೀಳುವ ಮುಂಚೆಯೇ, ಬೆಳಿಗ್ಗೆ ಹಾಲು ತರಲು ಹೊರಟವನನ್ನು ಎದುರು ಮನೆ ಅಜ್ಜಿ ಗೇಟಿನಲ್ಲೇ ಹಿಡಿದು ನಿಲ್ಲಿಸಿದರು.

"ರಂಗೋಲಿ ಸ್ಪರ್ಧೆ ನಿಮ್ಮನೆ ಮುಂದೇನಾಪ್ಪ? ಎಷ್ಟು ಚುಕ್ಕಿದು ಅಂತ ಬರೆದೇ ಇಲ್ವಲ್ಲ!"